ಪಾರವ್ವನ ಮಣ್ಣು

ಕುಣಿಯ ಪಡುವಣ ಗೋಡೆ ಮತ್ತೆ ಕುಸಿದುಬಿತ್ತು. ಒಳಗಿಳಿದು ಮಣ್ಣು ತೆಗೆಯುತ್ತಿದ್ದ ಇಬ್ಬರೂ ಸಲಿಕೆಗಳನ್ನು ಅಲ್ಲೇ ಬಿಟ್ಟು ಗಡಿಬಿಡಿಯಿಂದ ಮೇಲೆ ಹತ್ತಿ ಬಂದರು. ಕೆಲವು ದಿನಗಳಿಂದ ಬಿಡದೆ ಹನಿಯುತ್ತಿದ್ದ ಮಳೆಗೆ ಸುಳ್ಳ ಎಂಬ ಆ ಊರಿನ ಎರೆಭೂಮಿ ನೀರು ಕುಡಿದು ಉಬ್ಬಿತ್ತು. ತೆಗೆದಷ್ಟೂ ಮಣ್ಣು ಮತ್ತೆ ಒಳಕ್ಕೆ ಜಾರುತ್ತಿತ್ತು. ಕುಬೇರಪ್ಪ ಕೊಡೆಯನ್ನು ಪಕ್ಕದವನ ಕೈಗೆ ಕೊಟ್ಟು ಅಂಚಿಗೆ ಬಂದು ಬಗ್ಗಿ ನೋಡಿದ. ತೀರಿಕೊಂಡ ತಂಗಿ ಪಾರವ್ವನನ್ನು ಕೂಡಿಸಬೇಕಾದ ಜಾಗದಲ್ಲಿ ಮೊಣಕಾಲುಮಟ್ಟ ರಾಡಿ ನಿಂತಿತ್ತು.

ಅಗೆಯುವವರಲ್ಲಿ ಹಿರಿಯನಾದವನು ಕೈಯ ರಾಡಿಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ, ಇದೇ ಹೊಲದಲ್ಲಿ ಕುಬೇರಪ್ಪನ ಅಪ್ಪನನ್ನು ಇಟ್ಟದ್ದು ತನಗೆ ನೆನಪಿದೆ, ಅವತ್ತೂ ಮಳೆಯಿತ್ತು, ಆದರೆ ಹೀಗಾಗಿರಲಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಭೂಮಿ ಒಲ್ಲೆ ಅನ್ನಾಕತ್ತೈತ್ರಿ."

ಕುಬೇರಪ್ಪ ಅದನ್ನು ಕೇಳಿಸಿಕೊಂಡಂತೆ ತೋರಿಸಲಿಲ್ಲ. ಮನೆಯ ಹಿತ್ತಲಲ್ಲಿ ಹಳೆಯ ತಗಡುಗಳಿವೆ, ತಂದು ಸುತ್ತಲೂ ಆನಿಸಿ ನಿಲ್ಲಿಸಿದರಾಯಿತು ಎಂದ. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕೆಂದು ಅಯ್ಯನವರು ಬೆಳಿಗ್ಗೆಯೇ ಹೇಳಿದ್ದರು. ಆದರೆ ಆ ಮೋಡದಲ್ಲಿ ಹೊತ್ತು ಎಲ್ಲಿದೆಯೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಮಧ್ಯಾಹ್ನವೇ ಮುಸ್ಸಂಜೆಯ ಬೆಳಕು ಬಿದ್ದಿತ್ತು. ಬದುವಿನ ಬನ್ನಿಗಿಡದ ತುಂಬ ಕಾಗೆಗಳು ಕೂತಿದ್ದವು. ಒಂದೂ ಕೂಗುತ್ತಿರಲಿಲ್ಲ. ಕುಬೇರಪ್ಪ ಚಪ್ಪಲಿಗೆ ಮೆತ್ತಿಕೊಂಡ ಮಣ್ಣನ್ನು ಜಾಡಿಸುತ್ತ ಊರ ಕಡೆ ನಡೆದ.

ಮನೆಯ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಪಾರವ್ವನನ್ನು ಕೂಡಿಸಿದ್ದರು. ಹಣೆಗೂ ತೋಳಿಗೂ ವಿಭೂತಿ ಬಳಿದಿದ್ದರು. ಕೊರಳ ತುಂಬ ಸೇವಂತಿಗೆ ಮಾಲೆಗಳಿದ್ದವು. ತಲೆ ಮುಂದಕ್ಕೆ ವಾಲದ ಹಾಗೆ ಹಣೆಗೆ ಬಿಳಿ ಪಟ್ಟಿ ಕಟ್ಟಿ ಹಿಂದಿನ ಗೂಟಕ್ಕೆ ಬಿಗಿದಿದ್ದರು. ಎಳೆತನದಲ್ಲಿ ಬಂದ ಜ್ವರವೊಂದು ಅವಳ ಬಲಗಾಲನ್ನು ಒಣಗಿಸಿಬಿಟ್ಟಿತ್ತು. ಐವತ್ತು ವರ್ಷ ಮಡಚದೆ ಸೆಟೆದುಕೊಂಡಿದ್ದ ಆ ಕಾಲನ್ನು ಪದ್ಮಾಸನಕ್ಕೆ ತರುವುದು ಹೆಂಗಸರಿಗೆ ಸಾಕುಸಾಕಾಗಿತ್ತು. ಕೊನೆಗೆ ಒತ್ತಿ ಹಿಡಿದು ಹಗ್ಗದಲ್ಲಿ ಕಟ್ಟಿದ್ದರು. ಮಾಲೆಗಳ ಕೆಳಗಿನಿಂದ ಹಗ್ಗದ ತುದಿ ಇಣುಕುತ್ತಿತ್ತು.

ಪಾರವ್ವ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ, ಕರೀಮಾಬಿಯ ಮನೆಯ ಮುಂದಿನ ಖೋಲಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಡಿಗೆಗಿದ್ದಳು. ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಕುಬಸ, ಮಕ್ಕಳ ಸಾಲೆಯ ಅಂಗಿ, ಸೀರೆಯ ಫಾಲು ಹೊಲಿಯುತ್ತಿದ್ದಳು. ಮದುವೆಯಾಗಲಿಲ್ಲ. ಹಬ್ಬಕ್ಕೆ ತಪ್ಪದೆ ಸುಳ್ಳಕ್ಕೆ ಬರುತ್ತಿದ್ದಳು, ತಾಯಿಗೆ ಹೊಲಿದು ತಂದ ಕುಬಸ ಕೊಡುತ್ತಿದ್ದಳು, ಹೋಳಿಗೆ ಉಂಡು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಒಂದು ರಾತ್ರಿಯೂ ಈ ಮನೆಯಲ್ಲಿ ಮಲಗಿದವಳಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ.

ಬೆಳಿಗ್ಗೆ ಅವಳನ್ನು ಮೊದಲು ನೋಡಿದವಳು ಕರೀಮಾಬಿ. ಖೋಲಿಯ ದೀಪ ಉರಿಯುತ್ತಿದ್ದುದರಲ್ಲಿ ಹೊಸದೇನಿರಲಿಲ್ಲ. ಪಾರವ್ವ ದೀಪ ಆರಿಸಿ ಮಲಗಿದ್ದನ್ನು ಕರೀಮಾಬಿ ಒಂದು ದಿನವೂ ಕಂಡಿರಲಿಲ್ಲ. ಆದರೆ ಬಿಸಿಲು ಏರುವ ಹೊತ್ತಾದರೂ ಬಾಗಿಲು ತೆರೆಯದಿದ್ದಾಗ ಮಗ ಇಕ್ಬಾಲನನ್ನು ಕರೆದು ಚಿಲಕ ಮುರಿಸಿದಳು. ಪಾರವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ದೀಪದ ಕಡೆ ಮುಖ ಮಾಡಿ ಮಲಗಿದ್ದಳು. ಇಕ್ಬಾಲನ ಟೆಂಪೋದಲ್ಲಿಯೇ ಅವಳನ್ನು ಸುಳ್ಳಕ್ಕೆ ತಂದಿದ್ದರು. ಟೆಂಪೋ ಈಗಲೂ ಮನೆಯ ಮುಂದೆ ನೆನೆಯುತ್ತ ನಿಂತಿತ್ತು.

ಹೆಣದ ಪಕ್ಕದಲ್ಲಿ ತಾಯಿ ಬಾಳವ್ವ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ. ಬಂದವರೆಲ್ಲ ಅವಳ ಕೊರಳಿಗೆ ಬಿದ್ದು ಅತ್ತರು. ಅವಳು ಅಳಲಿಲ್ಲ. ಆಗಾಗ ಕೈಚಾಚಿ ಮಗಳ ಸೆರಗು ಸರಿಮಾಡುತ್ತಿದ್ದಳು. ಹೊಲದಿಂದ ಬಂದವರನ್ನೆಲ್ಲ ಕುಣಿ ಆಯಿತೇ ಎಂದು ಕೇಳುತ್ತಿದ್ದಳು.

ಕುಬೇರಪ್ಪನ ಮಗಳು ಶಾಂಭವಿ ಕಂಬಕ್ಕೆ ಒರಗಿ ನಿಂತಿದ್ದಳು. ಬೈರಿದೇವರಕೊಪ್ಪದ ಸಾಲೆಯೊಂದರಲ್ಲಿ ವಿಜ್ಞಾನದ ಟೀಚರ್ ಆಗಿದ್ದ ಅವಳು ಸುದ್ದಿ ಕೇಳಿ ಪಾಠದ ನಡುವೆಯೇ ಎದ್ದು ಬಂದಿದ್ದಳು. ಕರೀಮಾಬಿ ಬುರ್ಖಾದ ಅಂಚಿನಿಂದ ಕಣ್ಣೊರೆಸಿಕೊಂಡು ಅವಳ ಹತ್ತಿರ ಸರಿದಳು.

"ನಿಮ್ಮಪ್ಪಗ ಹೇಳಿದಿ ಏನವ್ವಾ?"

"ಇನ್ನೂ ಇಲ್ಲ."

"ಮತ್ಯಾವಾಗ ಹೇಳ್ತಿ? ಕುಣಿ ತಗ್ಯಾಕತ್ತಾರ. ನಾ ಹೇಳಿದ್ರ ಹೊರಗಿನಾಕಿ ಮಾತು ಅಂತಾರ. ಆಕಿ ಕೇಳಿದ್ದು ನಿನ್ನ."

ಶಾಂಭವಿ ಅತ್ತೆಯ ಕಾಲಿಗೆ ಬಿಗಿದ ಹಗ್ಗವನ್ನು ನೋಡುತ್ತ ನಿಂತಳು.

*

ಹಿಂದಿನ ವರ್ಷದ ದಸರೆಯ ರಜೆ ಮುಗಿದ ಮೇಲೆ ಶಾಂಭವಿ ತನ್ನ ತರಗತಿಯ ಮಕ್ಕಳನ್ನು ಧಾರವಾಡದ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದಳು. ಹೆಣ್ಣುಮಕ್ಕಳ ಜೊತೆಗೆ ದೊಡ್ಡ ಹೆಂಗಸರು ಯಾರಾದರೂ ಬೇಕಾಗಿತ್ತು. ಸಾಲೆಯ ನಾಟಕಕ್ಕೆ ಬಟ್ಟೆ ಹೊಲಿದುಕೊಟ್ಟಿದ್ದ ಅತ್ತೆಯನ್ನು ಕರೆದಳು. ಪಾರವ್ವ ಒಲ್ಲೆನೆಂದಳು. ಕುಂಟಿಯೊಬ್ಬಳು ಎಲ್ಲಿ ಮಕ್ಕಳ ಹಿಂದೆ ಓಡಲಿ ಎಂದಳು. ಕರೀಮಾಬಿಯೇ ಗಂಟುಬಿದ್ದು, ತಾನೂ ಬರುತ್ತೇನೆಂದು ಹೇಳಿ, ರೊಟ್ಟಿ ಬುತ್ತಿ ಕಟ್ಟಿಸಿ ಹೊರಡಿಸಿದಳು.

ಒಳಗೆ ಹೋದ ಮೇಲೆ ಪಾರವ್ವನನ್ನು ಹಿಡಿಯುವವರಿರಲಿಲ್ಲ. ಉಬ್ಬು ಕನ್ನಡಿ, ತಗ್ಗು ಕನ್ನಡಿಗಳ ಮುಂದೆ ಇಬ್ಬರೂ ಗೆಳತಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಂದು ಮೂಲೆಯಲ್ಲಿ ರಾಟೆಗೆ ಹಗ್ಗ ಹಾಕಿ ತೂಗುಬಿಟ್ಟ ಕುರ್ಚಿಯಿತ್ತು. ಅದರಲ್ಲಿ ಕೂತು ತನ್ನ ಭಾರವನ್ನು ತಾನೇ ಎಳೆದುಕೊಂಡು ಮೇಲೇರಬೇಕು. ಮಕ್ಕಳು ಅರ್ಧಕ್ಕೇ ಕೈಸೋತು ಇಳಿದರು. ಹೊಲಿಗೆ ಯಂತ್ರ ತಿರುಗಿಸಿ ಗಟ್ಟಿಯಾದ ತೋಳು ಪಾರವ್ವನದು. ಅವಳು ಊರುಗೋಲನ್ನು ಕರೀಮಾಬಿಗೆ ಕೊಟ್ಟು ಕೂತು, ನಾಲ್ಕು ಎಳೆತಕ್ಕೆ ತುದಿ ಮುಟ್ಟಿದಳು. ಕೆಳಗೆ ಮಕ್ಕಳು ಚಪ್ಪಾಳೆ ತಟ್ಟಿದರು. ನೆಲಕ್ಕೆ ತಾಗದೆ ತೂಗಾಡುತ್ತಿದ್ದ ತನ್ನ ಎರಡೂ ಕಾಲುಗಳನ್ನು ನೋಡಿಕೊಳ್ಳುತ್ತ ಅವಳು ತುಸು ಹೊತ್ತು ಮೇಲೆಯೇ ಕೂತಿದ್ದಳು.

ಅದರ ಪಕ್ಕದಲ್ಲಿ ನೆರಳಿನ ಕೋಣೆ. ಗೋಡೆಗೆ ಬೆನ್ನುಕೊಟ್ಟು ನಿಂತರೆ ಫಕ್ಕನೆ ಬೆಳಕು ಮಿಂಚುತ್ತಿತ್ತು. ಆಮೇಲೆ ನಾವು ಸರಿದು ಹೋದರೂ ನಮ್ಮ ನೆರಳು ಗೋಡೆಯ ಮೇಲೆ ಹಾಗೇ ಉಳಿಯುತ್ತಿತ್ತು. ಮಕ್ಕಳು ಕುಣಿದರು, ಕೊಂಬು ಮಾಡಿ ನಿಂತರು. ಪಾರವ್ವನಿಗೆ ಅದು ಹಿಡಿಸಲಿಲ್ಲ. ಗೋಡೆಯ ಮೇಲೆ ಉಳಿದ ತನ್ನ ನೆರಳಿನಲ್ಲಿ ಕಾಲು ಕಾಣುತ್ತಿರಲಿಲ್ಲ. ತಲೆ ಮತ್ತು ಹೆಗಲು ಮಾತ್ರ ಇದ್ದವು. ಅವಳು ಬೇಗ ಹೊರಗೆ ಬಂದುಬಿಟ್ಟಳು.

ತಾರಾಲಯ ಒಂದು ದೊಡ್ಡ ಕೋಣೆಯಲ್ಲಿತ್ತು. ಫ್ಯಾನಿನಿಂದ ಗಾಳಿ ತುಂಬಿ ನಿಲ್ಲಿಸಿದ ಕಪ್ಪು ಬಟ್ಟೆಯ ಗುಮ್ಮಟ. ಒಳಗೆ ಹೋಗಲು ಬಾಗಿಲಿರಲಿಲ್ಲ. ಬಟ್ಟೆಯದೇ ಒಂದು ಸುರಂಗದಲ್ಲಿ ಮೊಣಕಾಲೂರಿ ತೆವಳಬೇಕಿತ್ತು. ಮಕ್ಕಳು ಒಬ್ಬರ ಹಿಂದೊಬ್ಬರು ನುಗ್ಗಿದರು. ಪಾರವ್ವ ಸುರಂಗದ ಬಾಯಿಯ ಹತ್ತಿರ ನಿಂತಳು. ಹೊರಗೇ ಕೂತಿರುತ್ತೇನೆಂದಳು. ಶಾಂಭವಿ, ಒಳಗೆ ಚಿಕ್ಕೆ ತೋರಿಸುತ್ತಾರೆ, ಇಲ್ಲಿತನಕ ಬಂದು ಅದನ್ನೇ ಬಿಟ್ಟರೆ ಹೇಗೆ ಎಂದು ಕೈಹಿಡಿದಳು. ಪಾರವ್ವ ಊರುಗೋಲು ಕೆಳಗಿಟ್ಟು, ಕಾಲಿನ ಕಬ್ಬಿಣದ ಪಟ್ಟಿಯ ಬೂಟು ಬಿಚ್ಚಿ, ಅಂಗೈ ಊರಿ ಒಳಗೆ ತೆವಳಿದಳು.

ಒಳಗೆ ಎಲ್ಲರೂ ನೆಲದ ಮೇಲೆ ಕೂತರು. ಸುರಂಗದ ಬಾಯಿ ಮುಚ್ಚಿತು. ಕತ್ತಲು ಎಷ್ಟಿತ್ತೆಂದರೆ ಮೂಗಿನ ಮುಂದೆ ಹಿಡಿದ ಕೈ ಕಾಣುತ್ತಿರಲಿಲ್ಲ. ಮಕ್ಕಳ ಬಿಸಿಯುಸಿರು, ಫ್ಯಾನಿನ ಗೊರಗೊರ. ತೋರಿಸುವಾತನ ದನಿಯೊಂದು ನಡುವಿನಿಂದ ಮೆಲ್ಲಗೆ ಮಾತಾಡತೊಡಗಿತು. ತಲೆಯ ಮೇಲೆ ಒಂದೊಂದಾಗಿ ಚಿಕ್ಕೆ ಮೂಡಿದವು. ಪಾರವ್ವ ಕರೀಮಾಬಿಯ ಮಣಿಕಟ್ಟು ಹಿಡಿದುಕೊಂಡಿದ್ದಳು. ಸಪ್ತರ್ಷಿ, ಧ್ರುವ, ಕೃತ್ತಿಕೆ ಎಲ್ಲ ಹಾದುಹೋದರೂ ಅವಳ ಹಿಡಿತ ಸಡಿಲಾಗಲಿಲ್ಲ.

ಆಮೇಲೆ ದನಿ, ಈಗ ಸೂರ್ಯಗ್ರಹಣ ನೋಡೋಣ ಎಂದಿತು. ಎಂಬತ್ತನೇ ಇಸವಿಯಲ್ಲಿ ಪೂರ್ಣ ಗ್ರಹಣದ ನೆರಳು ನಮ್ಮ ಈ ಸೀಮೆಯ ಮೇಲೆಯೇ ಹಾದುಹೋಗಿತ್ತು, ಮನೆಗೆ ಹೋಗಿ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಎಂದಿತು. ಗುಮ್ಮಟದಲ್ಲಿ ಹಗಲಾಯಿತು. ಅಂಚಿನ ಸುತ್ತ ಗಿಡಗಳು, ಮನೆಗಳ ಮಾಳಿಗೆಗಳು, ನೆತ್ತಿಯಿಂದ ತುಸು ಪಡುವಣಕ್ಕೆ ಸೂರ್ಯ. ಹಕ್ಕಿಗಳ ಸದ್ದು. ಸೂರ್ಯನ ಒಂದು ಅಂಚು ಕರಗಿತು. ಬೆಳಕು ಬೂದಿಯಾಗುತ್ತ ಬಂತು. ಹಕ್ಕಿಗಳ ಸದ್ದು ಒಮ್ಮೆಲೇ ನಿಂತಿತು.

ಕರೀಮಾಬಿಯ ಮಣಿಕಟ್ಟಿಗೆ ಉಗುರು ನಟ್ಟವು. ಪಾರವ್ವ ಎರಡೂ ತೋಳುಗಳನ್ನು ಮೈಯಿಂದ ಬಿಡಿಸಿಕೊಳ್ಳುವವಳಂತೆ ಮೇಲಕ್ಕೆಳೆಯುತ್ತಿದ್ದಳು. ತೋಳು ಬಿಡಿಯಾಗಿಯೇ ಇದ್ದವು, ಆದರೂ ಎಳೆಯುತ್ತಿದ್ದಳು.

"ಬುಟ್ಟಿ ತಗಿ," ಎಂದಳು. ಆಮೇಲೆ ಗಟ್ಟಿಯಾಗಿ, "ಬುಟ್ಟಿ ತಗಿ ಯವ್ವಾ."

ಅದು ಅವಳ ದನಿಯಂತಿರಲಿಲ್ಲ. ಸಣ್ಣ ಹುಡುಗಿಯ ದನಿ. ಕತ್ತಲಲ್ಲಿ ಕೆಲವು ಮಕ್ಕಳು ನಕ್ಕರು. ಶಾಂಭವಿ ತೆವಳಿ ಬಂದು ಅವಳ ಹೆಗಲು ಹಿಡಿದಳು. ಆ ಹೊತ್ತಿಗೆ ಸೂರ್ಯ ಪೂರ್ತಿ ಮುಚ್ಚಿಹೋಗಿದ್ದ. ಕಪ್ಪು ಬಿಲ್ಲೆಯೊಂದರ ಸುತ್ತ ಬಿಳಿಯ ಕೂದಲು ಬಿಚ್ಚಿ ಹರಡಿದಂಥ ಬೆಳಕು ನಿಂತಿತ್ತು. ಪಾರವ್ವ ತಲೆಯೆತ್ತಿ ಅದನ್ನು ನೋಡಿದಳು. ಅವಳ ತೋಳು ಕೆಳಗಿಳಿದವು. ಬಾಯಿ ತೆರೆದೇ ಇತ್ತು.

ಮಕ್ಕಳೆಲ್ಲ ಹೊರಗೆ ಹೋದ ಮೇಲೂ ಅವಳು ಏಳಲಿಲ್ಲ. ಖರೇ ಗ್ರಹಣ ಎಷ್ಟು ಹೊತ್ತು ಹಿಡಿದಿರುತ್ತದೆ ಎಂದು ತೋರಿಸುವಾತನನ್ನು ಕೇಳಿದಳು. ಹಿಡಿದು ಬಿಡುವುದಕ್ಕೆ ಎರಡು ತಾಸಿನ ಮೇಲೆ, ಆದರೆ ಹೀಗೆ ಪೂರ್ತಿ ಕತ್ತಲಾಗುವುದು ಎರಡು ಮೂರು ನಿಮಿಷ ಮಾತ್ರ ಎಂದ ಆತ.

"ಕತ್ಲಿ ಅಷ್ಟಾ?"

"ಅಷ್ಟ ನೋಡ್ರಿ."

ಇನ್ನೊಮ್ಮೆ ತೋರಿಸುತ್ತೀರಾ ಎಂದಳು. ಆತ ಒಳ್ಳೆಯವನು, ತೋರಿಸಿದ. ಎರಡನೆಯ ಸಲ ಅವಳು ಅಲುಗಾಡದೆ ಕೂತು ನೋಡಿದಳು.

ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಪಾರವ್ವ ರೊಟ್ಟಿ ಮುಟ್ಟಲಿಲ್ಲ. ಅವತ್ತಿನವರೆಗೂ ಯಾರಿಗೂ ಹೇಳದಿದ್ದುದನ್ನು ಅಲ್ಲಿ ಹೇಳಿದಳು. ಎಂಬತ್ತರ ಆ ಗ್ರಹಣದ ಹೊತ್ತಿಗೆ ಅವಳಿಗೆ ಏಳು ವರ್ಷ. ಗ್ರಹಣ ಹಿಡಿದಾಗ ತಿಪ್ಪೆಯ ಮಣ್ಣಿನಲ್ಲಿ ಕೊರಳತನಕ ಹೂತಿಟ್ಟರೆ ಸತ್ತ ಕಾಲಿಗೆ ಜೀವ ಬರುತ್ತದೆಂದು ಯಾರೋ ಅಪ್ಪನಿಗೆ ಹೇಳಿದ್ದರು. ಹಿತ್ತಲ ತಿಪ್ಪೆಯಲ್ಲಿ ತಗ್ಗು ತೋಡಿ ಅವಳನ್ನು ನಿಲ್ಲಿಸಿ, ಮಣ್ಣು ತುಂಬಿ, ಸುತ್ತ ತುಳಿದು ಗಟ್ಟಿ ಮಾಡಿದರು. ಗ್ರಹಣದ ನೆರಳು ಮುಖಕ್ಕೆ ಬೀಳಬಾರದೆಂದು ತಲೆಯ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿದರು. ಆಮೇಲೆ ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು.

ಬುಟ್ಟಿಯ ಸಂದಿಯಿಂದ ಬೀಳುತ್ತಿದ್ದ ಬೆಳಕಿನ ಗೆರೆಗಳು ಒಂದೊಂದಾಗಿ ಆರಿದವು. ಕೋಳಿ ಕೂಗಿ ಸುಮ್ಮನಾದವು. ಆಗ ಏನೋ ಒಂದು ಬಂದು ಬುಟ್ಟಿಯ ಸುತ್ತ ಮೂಸಾಡಿತು. ನಾಯಿಯೋ ಏನೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಅದರ ಉಸಿರು ಅವಳ ಗಲ್ಲಕ್ಕೆ ಬಡಿಯಿತು. ಬುಟ್ಟಿಯನ್ನು ಕೆರೆಯಿತು. ಅವಳು ಒದರಿದಳು. ಬಾಗಿಲು ತೆರೆಯಲಿಲ್ಲ. ಬಾಗಿಲ ಹಿಂದಿನಿಂದ ತಾಯಿಯ ದನಿ ಮಾತ್ರ ಬಂತು. ಅಳಬೇಡ, ಅತ್ತರೆ ಗುಣವಾಗುವುದಿಲ್ಲ ಎನ್ನುತ್ತಿತ್ತು.

"ನಾ ಆ ಕತ್ಲಿ ಒಂದು ಹಗಲೂ ರಾತ್ರಿ ಇತ್ತು ಅಂತ ತಿಳಕೊಂಡಿದ್ದೆ," ಎಂದಳು ಪಾರವ್ವ. "ಎರಡು ನಿಮಿಷ ಅಂತ. ಎರಡು ನಿಮಿಷ ಬಾಗಲಾ ತಗ್ಯಾಕ ಯಾರಿಗೂ ಆಗ್ಲಿಲ್ಲ."

ತುಸು ಹೊತ್ತಿನ ಮೇಲೆ ಶಾಂಭವಿಯ ಕೈ ಹಿಡಿದು, ತಾನು ಸತ್ತರೆ ಮಣ್ಣಿನಲ್ಲಿ ಕೂಡಿಸಬೇಡಿ, ಹುಬ್ಬಳ್ಳಿಯಲ್ಲಿ ಸುಟ್ಟುಬಿಡಿ, ಇದನ್ನು ನೀನೇ ನಿಮ್ಮಪ್ಪನಿಗೆ ಹೇಳಬೇಕು ಎಂದಳು. ಶಾಂಭವಿ ಆಯಿತೆಂದಳು. ಕರೀಮಾಬಿ ಅವಳ ಮನಸ್ಸು ಹಗುರ ಮಾಡಲು, ಇದಕ್ಕೇನು ಹೆದರುವುದು, ನಮ್ಮನ್ನೂ ಮಣ್ಣಿನಲ್ಲೇ ಇಡುತ್ತಾರೆ ಎಂದಳು.

ಪಾರವ್ವ ಅವಳನ್ನು ನೋಡಿದಳು. "ನಿಮ್ಮನ್ನ ಸತ್ತ ಮ್ಯಾಲ ಇಡ್ತಾರ, ಕರೀಮಾಬಿ."

*

ಕುಬೇರಪ್ಪ ಹಿತ್ತಲಲ್ಲಿ ಹಳೆಯ ತಗಡುಗಳನ್ನು ಎಳೆದು ಹಾಕುತ್ತಿದ್ದ. ಶಾಂಭವಿ ಅವನ ಹಿಂದೆ ಬಂದು ನಿಂತಳು.

"ಅಪ್ಪಾ, ಅತ್ತೀಗೆ ಮಣ್ಣ ಬ್ಯಾಡಾಗಿತ್ತು."

ಅವನು ಕುಣಿಯ ಮಾತೆಂದುಕೊಂಡ. ತಗಡು ಹಚ್ಚಿದರೆ ನಿಲ್ಲುತ್ತದೆ ಎಂದ. ಅದಲ್ಲ, ತನ್ನನ್ನು ಸುಡಬೇಕೆಂದು ಅತ್ತೆ ತನ್ನಿಂದ ಮಾತು ತೆಗೆದುಕೊಂಡಿದ್ದಾಳೆ ಎಂದು ಶಾಂಭವಿ ಬಿಡಿಸಿ ಹೇಳಿದಾಗ ಅವನ ಕೈಯ ತಗಡು ಜಾರಿತು. ಒಳಗಿನವರಿಗೆ ಕೇಳಿಸೀತೆಂದು ಅವನು ಅತ್ತಿತ್ತ ನೋಡಿದ.

"ಲಿಂಗ ಕಟ್ಟಿದ ಮೈಗೆ ಬೆಂಕಿ ಹಚ್ಚಂತೀ ಏನ? ಊರು ಮಂದಿ ಏನ ಅಂದೀತು, ಅಯ್ಯನವರು ಏನ ಅಂದಾರು?"

ಶಾಂಭವಿ ಗ್ರಹಣದ ಮಾತು ಹೇಳಿದಳು. ಧಾರವಾಡದ ಗುಮ್ಮಟದೊಳಗೆ ಅತ್ತೆ ಕೂಗಿದ್ದನ್ನೂ ಹೇಳಿದಳು. ಕುಬೇರಪ್ಪ ಹಿತ್ತಲ ಮೂಲೆಯ ಕಡೆ ನೋಡಿದ. ತಿಪ್ಪೆ ಈಗ ಅಲ್ಲಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿತ್ತು, ಪಕ್ಕದಲ್ಲೊಂದು ಪಪ್ಪಾಯಿ ಗಿಡ ಮಳೆಯಲ್ಲಿ ತಲೆ ಬಾಗಿಸಿ ನಿಂತಿತ್ತು.

"ಅದು ಆಕಿಗೆ ನೆನಪಿತ್ತ?" ಎಂದ. ಇಷ್ಟು ವರ್ಷ ಹಬ್ಬಕ್ಕೆ ಬಂದಳು, ಉಂಡಳು, ನಕ್ಕಳು, ಹೋದಳು. ಸಣ್ಣಂದಿನ ಮಾತು, ಮರೆತಿದ್ದಾಳೆ ಎಂದೇ ಅವನು ತಿಳಿದಿದ್ದ. ಹಾಗೆಂದು ಹೇಳಿ ಬಿದ್ದ ತಗಡನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ಒಪ್ಪಿಕೊಳ್ಳುತ್ತಾನೆಂದು ಶಾಂಭವಿಗೆ ಅನ್ನಿಸಿತು.

ಹಿತ್ತಲ ಬಾಗಿಲಲ್ಲಿ ಬಾಳವ್ವ ಚೌಕಟ್ಟು ಹಿಡಿದು ನಿಂತಿದ್ದಳು. ಯಾವಾಗ ಬಂದಿದ್ದಳೋ, ಎಷ್ಟು ಕೇಳಿಸಿಕೊಂಡಿದ್ದಳೋ.

"ಆಕಿ ಅತ್ಲು," ಎಂದಳು. "ಅಳಬ್ಯಾಡ ಅಂತ ಬಡಕೊಂಡೆ. ಕೇಳ್ಲಿಲ್ಲ." ಆಮೇಲೆ ಮಗನನ್ನು ನೋಡಿ, "ಹೊತ್ತಾತು. ಎತ್ರಿ," ಎಂದು ಒಳಗೆ ಹೋದಳು.

ಕುಬೇರಪ್ಪ ತಗಡು ಹೆಗಲಿಗೇರಿಸಿಕೊಂಡ. ಮಗಳ ಕಡೆ ತಿರುಗಿ ನೋಡಲಿಲ್ಲ.

ಬಾಳೆಕಂಬ ಕಟ್ಟಿ ಮಂಟಪದಂತೆ ಮಾಡಿದ ವಿಮಾನದ ಚಟ್ಟದಲ್ಲಿ ಪಾರವ್ವನನ್ನು ಕೂಡಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಹೊತ್ತರು. ಭಜನೆಯವರ ದಮ್ಮಡಿ ಒದ್ದೆಯಾಗಿ ಸದ್ದೇ ಏಳುತ್ತಿರಲಿಲ್ಲ. ಹೊಲದ ದಾರಿಯಲ್ಲಿ ಹೊತ್ತವರ ಕಾಲು ಹೂತು ಹೂತು ಬರುತ್ತಿದ್ದವು. ಒಬ್ಬ ಜಾರಿ ಮೊಣಕಾಲೂರಿದಾಗ ಪಾರವ್ವನ ತಲೆ ಪಟ್ಟಿಯಿಂದ ತಪ್ಪಿ ಪಕ್ಕಕ್ಕೆ ವಾಲಿತು. ಕರೀಮಾಬಿ ಓಡಿಹೋಗಿ ಎತ್ತಿ ಹಿಡಿದಳು. ಅಲ್ಲಿಂದ ಮುಂದೆ ಹೊಲದತನಕ ಆ ತಲೆಗೆ ಕೈಕೊಟ್ಟುಕೊಂಡೇ ನಡೆದಳು. ಬೇಡವೆಂದು ಯಾರೂ ಹೇಳಲಿಲ್ಲ. ಬಾಳವ್ವನನ್ನು ಇಕ್ಬಾಲ ಟೆಂಪೋದಲ್ಲಿ ಕೂಡಿಸಿಕೊಂಡು ಹಿಂದಿನಿಂದ ತಂದ.

ಕುಣಿಯ ಸುತ್ತ ತಗಡು ನಿಲ್ಲಿಸಿ ಗೂಟ ಹೊಡೆದಿದ್ದರು. ರಾಡಿಯನ್ನು ಆದಷ್ಟು ಎತ್ತಿ, ಉಪ್ಪು ಮತ್ತು ವಿಭೂತಿ ಸುರಿದಿದ್ದರು. ಅಯ್ಯನವರು ಮಂತ್ರ ಸುರುಮಾಡಿದರು. ಹೆಣ ಇಳಿಸಿಕೊಳ್ಳಲು ಮನೆಯವರು ಒಬ್ಬರು ಕೆಳಗಿರಬೇಕು. ಕುಬೇರಪ್ಪ ಅಂಗಿ ಕಳಚಿಟ್ಟು ಏಣಿಯಿಂದ ಇಳಿದ. ಕೆಳಗಿನಿಂದ ಎರಡೂ ಕೈ ಚಾಚಿದ. ಮೇಲೆ ನಾಲ್ವರು ಪಾರವ್ವನನ್ನು ವಿಮಾನದಿಂದ ಬಿಡಿಸಿ ಅಂಚಿಗೆ ತಂದರು.

ತಗಡು ಕಿರುಗುಟ್ಟಿತು. ಯಾರಿಗಾದರೂ ಅರ್ಥವಾಗುವ ಮೊದಲೇ ಪಡುವಣ ಗೋಡೆ ತಗಡಿನ ಸಮೇತ ಒಳಕ್ಕೆ ಹರಿಯಿತು. ಬಿದ್ದಿತೆನ್ನುವುದಕ್ಕಿಂತ ಹರಿಯಿತು ಎನ್ನಬೇಕು, ಅಷ್ಟು ಸದ್ದಿಲ್ಲದೆ. ಕುಬೇರಪ್ಪ ಎದೆಮಟ್ಟ ಹೂತುಹೋದ. ಚಾಚಿದ ಕೈಗಳು ಹಾಗೆಯೇ ಮೇಲಿದ್ದವು. ಬಾಯಿ ತೆರೆದ, ದನಿ ಬರಲಿಲ್ಲ.

ಹೆಣ ಹಿಡಿದವರು ಹಿಂದೆ ಸರಿದರು. ಉಳಿದ ಅಂಚೂ ಕುಸಿದೀತೆಂದು ನೆರೆದವರೆಲ್ಲ ಹಿಂದೆ ಸರಿದರು. ಅಯ್ಯನವರ ಮಂತ್ರ ನಿಂತಿತು. ಕುಣಿಯ ಸುತ್ತ ಮಾರುದ್ದ ಜಾಗ ತೆರವಾಯಿತು. ಮಣ್ಣು ಇನ್ನೂ ಮೆಲ್ಲಗೆ ಇಳಿಯುತ್ತಿತ್ತು. ಆಗ ಕುಬೇರಪ್ಪನಿಗೆ ಉಸಿರು ಸಿಕ್ಕಿತು.

"ಯವ್ವಾ," ಎಂದ.

ಬಾಳವ್ವ ಯಾವಾಗ ಟೆಂಪೋದಿಂದ ಇಳಿದಳೋ ಯಾರೂ ನೋಡಲಿಲ್ಲ. ತೆರವಾದ ಜಾಗ ದಾಟಿ ಅಂಚಿಗೆ ಬಂದು ಹೊಟ್ಟೆಯ ಮೇಲೆ ಬಿದ್ದಳು. ಎರಡೂ ಕೈ ಕುಣಿಯೊಳಗೆ ಇಳಿಬಿಟ್ಟು ಮಣ್ಣು ಬಾಚತೊಡಗಿದಳು. ಬಾಚಿದಷ್ಟೂ ಬೆರಳುಗಳ ನಡುವಿನಿಂದ ಸೋರುತ್ತಿತ್ತು. "ಬಂದೆ ತಡಿ," ಎನ್ನುತ್ತಿದ್ದಳು. "ಬಂದೆ, ಬಂದೆ, ಬಾಗಲಾ ತಗದೆ." ಶಾಂಭವಿ ಹೋಗಿ ಅವಳ ಕಾಲು ಹಿಡಿದುಕೊಂಡಳು. ಕರೀಮಾಬಿ ಮಗನಿಗೆ ಕೂಗಿ ಹೇಳಿದಳು. ಇಕ್ಬಾಲ ಟೆಂಪೋದ ಹಗ್ಗ ತಂದು ಕುಬೇರಪ್ಪನ ಕಂಕುಳಿಗೆ ಹಾಕಿದ. ಆಗ ಉಳಿದವರೂ ಮುಂದೆ ಬಂದು ಎಳೆದರು. ಮಣ್ಣು ಅವನನ್ನು ಬಿಡಲೊಲ್ಲದೆ ಬಿಟ್ಟಿತು.

ಅವನು ಬದುವಿನ ಮೇಲೆ ಕೂತ. ಮುಖ ಬಿಟ್ಟರೆ ಮೈಯೆಲ್ಲ ಕಪ್ಪಗಿತ್ತು. ಯಾರೋ ನೀರು ಕೊಟ್ಟರು. ಇನ್ನೊಬ್ಬರು, ಈಗ ಮಣ್ಣು ಕುಸಿಯುವಷ್ಟು ಕುಸಿದಾಯಿತು, ಹಲಗೆ ತಂದರೆ ಅರ್ಧ ತಾಸಿನಲ್ಲಿ ಮುಗಿಸಬಹುದು ಎಂದರು. ಕುಬೇರಪ್ಪ ನೀರಿನ ತಂಬಿಗೆಯನ್ನು ಕೆಳಗಿಟ್ಟ. ಗಿಡದ ಬುಡದಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ತಂಗಿ ಕೂತಿದ್ದಳು. ಕರೀಮಾಬಿಯ ಕೈ ಅವಳ ಹಣೆಯ ಮೇಲಿತ್ತು.

"ಬ್ಯಾಡ," ಎಂದ. "ನಾ ಆಕೀನ ಇದರಾಗ ಇಡೂದಿಲ್ಲ. ಇಕ್ಬಾಲ, ಗಾಡಿ ತಿರುವು. ಹುಬ್ಬಳ್ಳಿಗೆ ಒಯ್ಯೂನು."

ಗದ್ದಲವೆದ್ದಿತು. ಅಯ್ಯನವರು ಸಿಟ್ಟಿನಿಂದ ಏನೇನೋ ಹೇಳಿದರು. ಮನೆತನಕ್ಕೆ ಇದು ಒಳ್ಳೆಯದಲ್ಲ, ತಾವಂತೂ ಜೊತೆ ಬರುವುದಿಲ್ಲ ಎಂದರು. ಕುಬೇರಪ್ಪ ಅವರ ಕಾಲಿಗೆ ನಮಸ್ಕಾರ ಮಾಡಿದ, ಆದರೆ ಮಾತು ಬದಲಿಸಲಿಲ್ಲ. ಹಿರಿಯರು ಕೆಲವರು ತಲೆಯಲ್ಲಾಡಿಸುತ್ತ ಊರಿನ ದಾರಿ ಹಿಡಿದರು. ಕೊನೆಗೆ ಅಯ್ಯನವರು ಒಂದು ಮಾತು ಹೇಳಿದರು. ತೋಡಿದ ಕುಣಿಯನ್ನು ಬರಿದಾಗಿ ಬಿಟ್ಟು ಹೋಗಬಾರದು, ಅದು ತನ್ನ ಪಾಲು ಕೇಳುತ್ತದೆ. ಬಾಳೆಯ ದಿಂಡನ್ನಾದರೂ ಅದರಲ್ಲಿಟ್ಟು ಮುಚ್ಚಿಬಿಡಿ ಎಂದರು. ವಿಮಾನಕ್ಕೆ ಕಟ್ಟಿದ್ದ ಬಾಳೆಕಂಬವನ್ನು ಒಬ್ಬ ಕತ್ತರಿಸತೊಡಗಿದ.

"ಮುಚ್ಚಬ್ಯಾಡ್ರಿ," ಎಂದಳು ಬಾಳವ್ವ.

ಅವಳು ಇನ್ನೂ ಅಂಚಿನಲ್ಲೇ ಇದ್ದಳು. ಶಾಂಭವಿ ಎತ್ತಿ ಕೂಡಿಸಿದ್ದಳು. ಮೊಣಕೈತನಕ ರಾಡಿ ಮೆತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಆಯಿ, ಏಳು. ನೀನೂ ಬಾ," ಎಂದಳು ಶಾಂಭವಿ.

"ನೀವು ಹೋಗ್ರಿ. ಆಕಿ ನನ್ನ ಕೂಡ ಬರೂದಿಲ್ಲ." ಬಾಳವ್ವ ಕುಣಿಯ ಕಡೆ ನೋಡಿದಳು. "ಇದು ನಂದು ಐತಿ. ಹಿಂಗ ಇರ್ಲಿ."

ಪಾರವ್ವನನ್ನು ಟೆಂಪೋದಲ್ಲಿ ಮಲಗಿಸಲು ಬರಲಿಲ್ಲ. ಬೆಳಗಿನಿಂದ ಕೂತ ಮೈ ಹಾಗೆಯೇ ಸೆಟೆದಿತ್ತು. ಕಾಲಿನ ಹಗ್ಗ ಬಿಚ್ಚಿದರೂ ಮಡಿಕೆ ಬಿಡಲಿಲ್ಲ. ಹಿಂದಿನ ಹಲಗೆಯ ಮೇಲೆ ಕೂಡಿಸಿಯೇ ಒಂದು ಪಕ್ಕ ಕರೀಮಾಬಿ, ಇನ್ನೊಂದು ಪಕ್ಕ ಶಾಂಭವಿ ಹಿಡಿದುಕೊಂಡರು. ಕುಬೇರಪ್ಪ ಒಣಗುತ್ತಿದ್ದ ರಾಡಿಯ ಮೈಯಲ್ಲಿ ಇಕ್ಬಾಲನ ಪಕ್ಕ ಕೂತ. ಗಾಡಿ ಎರಡು ಸಲ ಹೂತು, ತಳ್ಳಿಸಿಕೊಂಡು, ಹುಬ್ಬಳ್ಳಿಯ ದಾರಿಗೆ ಹತ್ತಿತು.

ತಿರುವಿನಲ್ಲಿ ಶಾಂಭವಿ ಹಿಂದೆ ನೋಡಿದಳು. ಮಳೆ ಮತ್ತೆ ಜೋರಾಗಿತ್ತು. ಇಬ್ಬರು ಹೆಂಗಸರು ಮುದುಕಿಯನ್ನು ಎಬ್ಬಿಸಲು ನೋಡುತ್ತಿದ್ದರು. ಅವಳು ಅವರ ಕೈ ಕೊಡವಿದಳು. ತಲೆಯ ತುಂಬ ಸೆರಗು ಹೊದ್ದು, ಎರಡೂ ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ಕೂತಳು. ಅವಳು ಕೂತ ಅಂಚಿನಿಂದ ಮಣ್ಣು ಹಿಡಿಹಿಡಿಯಾಗಿ ಕೆಳಗೆ ಜಾರುತ್ತಿತ್ತು. ಹೆಂಗಸರು ಕೈಬಿಟ್ಟು ಹಿಂದೆ ಸರಿದರು. ಬಾಳವ್ವ ಕಾಲು ಮೇಲೆ ತೆಗೆದುಕೊಳ್ಳಲಿಲ್ಲ.